ಮರ ನಿಮ್ಮ ಎಡಕ್ಕಿರಲಿ

ಮನೆಯಲ್ಲಿ ವಾರ್ಡ್‌ರೋಬ್ ಕೆಲಸ ನಡೆದಾಗ ಬಡಗಿಯ ಕೈಯಲ್ಲಿ ಕಿರುಚುವ ಪುಟ್ಟ ಮಷೀನನ್ನು ನೋಡದ ಬೆಂಗಳೂರಿಗರು ಕಡಿಮೆ. ಅಂಟು ಹಾಕಿ ಕೂರಿಸಿದ ಸನ್‌ಮೈಕಾ ಹಾಳೆ ಪ್ಲೈವುಡ್ಡಿನ ಅಂಚಿನಿಂದ ಎಷ್ಟು ಆಚೆ ಚಾಚಿಕೊಂಡಿದೆಯೋ ಅಷ್ಟನ್ನೂ ಅದು ಒಂದೇ ಓಟದಲ್ಲಿ ಸವರಿಹಾಕುತ್ತದೆ. ತುದಿಯಲ್ಲಿ ತಿರುಗುವ ಅಲಗನ್ನು, ಅಂದರೆ ಬಿಟ್ಟನ್ನು, ಬದಲಿಸಿದರೆ ಅದೇ ಮಷೀನು ತೇಗದ ಬಾಗಿಲಿನ ಅಂಚನ್ನು ದುಂಡಗೆ ಮಾಡುತ್ತದೆ, ಹಲಗೆಯ ಮೈಯಲ್ಲಿ ಗ್ರೂವ್ ತೆಗೆಯುತ್ತದೆ. ಒಂದು ಕೈಯಳತೆಯ ಚಿಕ್ಕದಕ್ಕೆ ಟ್ರಿಮ್ಮರ್ ಎನ್ನುತ್ತಾರೆ, ಎರಡು ಹಿಡಿಗಳಿರುವ ದೊಡ್ಡದಕ್ಕೆ ರೌಟರ್. ಒಳಗಿನ ಕಸುಬು ಎರಡರದ್ದೂ ಒಂದೇ.

ಈ ಕೆಲಸವನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ನುರಿತ ಬಡಗಿ ಹಲಗೆಯ ನಾಲ್ಕೂ ಅಂಚುಗಳನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆ. ಬಸವನಗುಡಿಯ ದೊಡ್ಡ ಬಸವಣ್ಣನ ಸುತ್ತ ನಾವು ಬರುವ ದಿಕ್ಕಿಗೆ ಅದು ತದ್ವಿರುದ್ಧ. ಕೇಳಿದರೆ ‘ಆ ಕಡೆಯಿಂದ ಬಂದ್ರೆ ಎಗರುತ್ತೆ ಸಾರ್’ ಎಂದು ಕೆಲಸ ಮುಂದುವರಿಸುತ್ತಾರೆ.

ಹಲಗೆ ಅದೇ, ಬಿಟ್ ಅದೇ, ಮೋಟರ್ ತಿರುಗುವ ದಿಕ್ಕೂ ಅದೇ. ಎಡದಿಂದ ಬಲಕ್ಕೆ ಸಾಧುವಾಗಿ ಸಾಗುವ ಮಷೀನು ಬಲದಿಂದ ಎಡಕ್ಕೆ ತಂದರೆ ಕೈಯಿಂದ ಕಿತ್ತುಕೊಂಡು ಓಡಲು ನೋಡುವುದೇಕೆ? ಈ ಪ್ರಶ್ನೆಯ ಉತ್ತರ ಸಿಕ್ಕಿದರೆ ರೌಟರ್ ಬಳಸುವವರಿಗೆ ಹೇಳುವ ಎಚ್ಚರಿಕೆಗಳಲ್ಲಿ ಮುಖ್ಯವಾದವನ್ನು ಬಾಯಿಪಾಠ ಮಾಡುವ ಅಗತ್ಯವಿರುವುದಿಲ್ಲ. ಅವು ತಾವಾಗಿಯೇ ಹೊಳೆಯುತ್ತವೆ.

ಮೂರು ಸಾವಿರದ ಗಡಿ ದಾಟುವ ಮೋಟರ್

ನಮ್ಮ ಮನೆಗಳಿಗೆ ಬರುವ ಕರೆಂಟ್ 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತಗಳದ್ದು. ಸಂಪಿನಿಂದ ತೊಟ್ಟಿಗೆ ನೀರೆತ್ತುವ ಪಂಪಿನ ಮೋಟರ್ ಈ ಆವರ್ತಗಳ ಹಿಂದೆಯೇ ತಿರುಗಬೇಕು, ಅದನ್ನು ಮೀರಲಾರದು. 50ನ್ನು 60 ಸೆಕೆಂಡಿನಿಂದ ಗುಣಿಸಿದರೆ ನಿಮಿಷಕ್ಕೆ 3,000 ಸುತ್ತು. ಅಂಥ ಮೋಟರಿನ ಗಡಿ ಅಲ್ಲಿಗೆ ಮುಗಿಯಿತು.

ಆದರೆ 6 ಮಿ.ಮೀ. ಬಿಟ್ ಹಿಡಿಯುವ ಸಾಮಾನ್ಯ ಟ್ರಿಮ್ಮರ್ ನಿಮಿಷಕ್ಕೆ ಸುಮಾರು 30,000 ಸುತ್ತು ಹಾಕುತ್ತದೆ. ಇದರ ಗುಟ್ಟು ಕಾರ್ಬನ್ ಬ್ರಷ್ಷುಗಳಲ್ಲಿದೆ. ತಿರುಗುವ ಭಾಗಕ್ಕೆ ಬ್ರಷ್ ಮೂಲಕವೇ ಕರೆಂಟ್ ಕೊಡುವುದರಿಂದ ಈ ಮೋಟರಿಗೆ ಆವರ್ತದ ಹಂಗಿಲ್ಲ. ಹೊರೆ ಕಡಿಮೆಯಾದಷ್ಟೂ ಅದರ ವೇಗ ಏರುತ್ತದೆ. ಮಿಕ್ಸಿಯಲ್ಲಿರುವುದೂ ಇದೇ ಜಾತಿಯ ಮೋಟರ್. ಖಾಲಿ ಜಾರಿನಲ್ಲಿ ಅದರ ಸದ್ದು ಚೂಪಾಗಿ ಏರುವುದಕ್ಕೂ ಕಾಯಿತುರಿ ಬಿದ್ದೊಡನೆ ಸ್ವರ ತಗ್ಗುವುದಕ್ಕೂ ಇದೇ ಕಾರಣ.

ರೌಟರ್ ಬಳಸುವವರು ಈ ಸ್ವರಕ್ಕೆ ಕಿವಿಗೊಡುವುದನ್ನು ಕಲಿಯಬೇಕು. ಸದ್ದು ಸ್ವಲ್ಪ ತಗ್ಗಿ ಒಂದೇ ಸಮನೆ ಸಾಗಿದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ತೀರಾ ಗೊಗ್ಗರಾದರೆ ಹೊರೆ ಹೆಚ್ಚಾಗಿ ಮೋಟರ್ ಉಸಿರುಗಟ್ಟುತ್ತಿದೆ.

ಇಷ್ಟು ವೇಗದ ಮೋಟರ್ ಹೊರಡುವಾಗ ಒಂದು ತಿರುಚು ಕೊಡುತ್ತದೆ. ಒಳಗಿನ ಸುರುಳಿ ಒಂದು ಕಡೆಗೆ ತಿರುಗಲು ಹೊರಟರೆ ಹೊರಗಿನ ಮೈ ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ. ಆದ್ದರಿಂದ ಹಿಡಿತ ಭದ್ರವಾಗಿರಬೇಕು, ಎರಡು ಹಿಡಿಗಳಿರುವ ರೌಟರನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಬಿಟ್ ಮರವನ್ನು ಮುಟ್ಟದಿರುವಾಗಲೇ ಸ್ವಿಚ್ ಹಾಕಬೇಕು. ಪೂರ್ತಿ ವೇಗ ಬಂದ ಮೇಲಷ್ಟೇ ಮರದ ಹತ್ತಿರ ಹೋಗಬೇಕು. ಸ್ವಿಚ್ ಆರಿಸಿದ ಮೇಲೂ ಬಿಟ್ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ; ಅದು ಪೂರ್ತಿ ನಿಲ್ಲುವವರೆಗೆ ಮಷೀನನ್ನು ಕೆಳಗಿಡುವಂತಿಲ್ಲ.

ಹಲ್ಲಿನ ತುತ್ತು

ಬಿಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಅಲಗುಗಳಿರುತ್ತವೆ. ಅವನ್ನು ಹಲ್ಲು ಎಂದು ಕರೆಯೋಣ. ಒಂದು ಹಲ್ಲು ಒಂದು ಸಲಕ್ಕೆ ಕೆತ್ತಿ ತೆಗೆಯುವ ಮರದ ದಪ್ಪವನ್ನು ಹಲ್ಲಿನ ತುತ್ತು ಎನ್ನೋಣ.

ತುತ್ತಿನ ಲೆಕ್ಕ ಸುಲಭ. ನಿಮಿಷಕ್ಕೆ 30,000 ಸುತ್ತು ಎಂದರೆ ಸೆಕೆಂಡಿಗೆ 500. ಎರಡು ಹಲ್ಲಿನ ಬಿಟ್ ಸೆಕೆಂಡಿಗೆ 1,000 ಸಲ ಮರವನ್ನು ಕಚ್ಚುತ್ತದೆ. ನೀವು ಸಾವಧಾನವಾಗಿ ಸೆಕೆಂಡಿಗೆ 5 ಸೆಂ.ಮೀ.ನಂತೆ ಮಷೀನನ್ನು ಸರಿಸುತ್ತಿದ್ದರೆ ಒಂದೊಂದು ತುತ್ತು 0.05 ಮಿ.ಮೀ. ಆಗುತ್ತದೆ, ಒಂದು ಎಳೆ ತಲೆಗೂದಲಿನಷ್ಟೂ ದಪ್ಪವಿಲ್ಲ. ಉಳಿ ಹಿಡಿದವರು ಒಂದೇ ಏಟಿಗೆ ಎಬ್ಬಿಸುವ ಚಕ್ಕೆಗೆ ಹೋಲಿಸಿದರೆ ಇದು ಏನೂ ಅಲ್ಲ. ರೌಟರಿನ ಬಲವೆಲ್ಲ ಈ ಸಣ್ಣ ತುತ್ತಿನಲ್ಲೇ ಇದೆ. ತುತ್ತು ಚಿಕ್ಕದಾಗಿದ್ದಷ್ಟು ಹೊತ್ತು ಗಟ್ಟಿ ತೇಗವೂ ಬೆಣ್ಣೆಯಂತೆ ಸವೆಯುತ್ತದೆ, ಕೈಗೆ ಒದೆತ ತಿಳಿಯುವುದೇ ಇಲ್ಲ.

ತುತ್ತು ತೀರಾ ಚಿಕ್ಕದಾದರೂ ಕಷ್ಟವೇ. ಮಷೀನನ್ನು ಒಂದೇ ಕಡೆ ನಿಲ್ಲಿಸಿಕೊಂಡರೆ ಹಲ್ಲು ಕೆತ್ತುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಮರ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ, ಬಿಟ್ ಕಾದು ಮೊಂಡಾಗುತ್ತದೆ. ತೇಗದಲ್ಲಿ ಸಹಜವಾಗಿಯೇ ಮರಳಿನ ಮೂಲವಸ್ತುವಾದ ಸಿಲಿಕಾ ಇರುವುದರಿಂದ ಬಿಟ್ ಬೇಗ ಮೊಂಡಾಗುತ್ತದೆ. ಮೊಂಡು ಹಲ್ಲಿಗೆ ಹೆಚ್ಚು ಒತ್ತಡ ಬೇಕು, ಒತ್ತಿ ಹಿಡಿದ ಕೈ ಜಾರುವುದೂ ಬೇಗ.

ಈಗ ಎರಡು ವೇಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 12 ಮಿ.ಮೀ. ಅಗಲದ ಬಿಟ್ಟಿನ ಹಲ್ಲು ಈ ಸುತ್ತಿನಲ್ಲಿ ಗಂಟೆಗೆ ಸುಮಾರು 68 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅದನ್ನು ಹಿಡಿದ ಕೈ ಗಂಟೆಗೆ 0.18 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ತುತ್ತಿನ ಅಳತೆಯನ್ನು ನಿಧಾನವಾದ ಕೈ ನಿರ್ಧರಿಸುತ್ತದೆಯೋ ವೇಗದ ಹಲ್ಲು ನಿರ್ಧರಿಸುತ್ತದೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಅಗಲದ ಬಿಟ್ಟುಗಳ ವಿಚಾರದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಬಾಗಿಲಿನ ಹಲಗೆಗೆ ಅಲಂಕಾರದ ಅಂಚು ತೆಗೆಯುವ 50 ಮಿ.ಮೀ. ಬಿಟ್ಟನ್ನು 30,000 ಸುತ್ತಿನಲ್ಲಿ ತಿರುಗಿಸಿದರೆ ಅದರ ತುದಿಯ ವೇಗ ಗಂಟೆಗೆ 280 ಕಿ.ಮೀ. ದಾಟುತ್ತದೆ. ಹಲ್ಲನ್ನು ಹೊರಕ್ಕೆ ಕಿತ್ತೆಸೆಯಲು ನೋಡುವ ಸೆಳೆತ ವೇಗದ ವರ್ಗದಂತೆ ಏರುವುದರಿಂದ ಸುತ್ತು ಎರಡರಷ್ಟಾದರೆ ಸೆಳೆತ ನಾಲ್ಕರಷ್ಟಾಗುತ್ತದೆ. ದೊಡ್ಡ ರೌಟರುಗಳಲ್ಲಿ ವೇಗ ತಗ್ಗಿಸುವ ಗುಂಡಿ ಇರುವುದು ಇದಕ್ಕಾಗಿ. 12,000 ಸುತ್ತಿಗೆ ಇಳಿಸಿದರೆ ಅದೇ ಬಿಟ್ಟಿನ ತುದಿ 113 ಕಿ.ಮೀ. ವೇಗಕ್ಕೆ ಬರುತ್ತದೆ. ಬಿಟ್ಟಿನ ಮೇಲೆ ಗರಿಷ್ಠ ಸುತ್ತು ಎಷ್ಟೆಂದು ಅಚ್ಚಾಗಿದ್ದರೆ ಅದನ್ನು ಮೀರಬಾರದು. ವೇಗ ತಗ್ಗಿಸಲು ಬಾರದ ಟ್ರಿಮ್ಮರಿಗೆ ಅಗಲದ ಬಿಟ್ ಹಾಕಲೇಬಾರದು.

ಓಡಲು ಕಾದಿರುವ ಚಕ್ರ

ಹಲ್ಲು ಮರವನ್ನು ಒಂದು ಕಡೆಗೆ ಒದ್ದರೆ ಮರ ಹಲ್ಲನ್ನು ಅಷ್ಟೇ ಬಲದಿಂದ ಇನ್ನೊಂದು ಕಡೆಗೆ ಒದೆಯುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿದ ಬೈಕನ್ನು ಸ್ಟಾರ್ಟ್ ಮಾಡಿ ಗೇರ್ ಹಾಕಿದ್ದೀರಿ ಎಂದುಕೊಳ್ಳಿ. ಹಿಂದಿನ ಚಕ್ರ ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿದ್ದರೂ ಬೈಕು ಇದ್ದಲ್ಲೇ ಇರುತ್ತದೆ. ಸ್ಟ್ಯಾಂಡ್ ಜಾರಿ ಚಕ್ರ ನೆಲ ಮುಟ್ಟಿದ ಕ್ಷಣವೇ ಬೈಕು ಮುಂದಕ್ಕೆ ಚಿಮ್ಮುತ್ತದೆ. ರೌಟರಿನ ಬಿಟ್ ಕೂಡ ಹೀಗೆ ತಿರುಗುತ್ತ ಕಾದಿರುವ ಒಂದು ಚಕ್ರ. ಹಲಗೆಯ ಅಂಚೇ ಅದರ ರಸ್ತೆ.

ಈ ಚಕ್ರ ಯಾವ ಕಡೆಗೆ ಓಡುತ್ತದೆ? ಹಲಗೆ ಮೇಜಿನ ಮೇಲಿದೆ, ನಿಮಗೆ ಹತ್ತಿರದ ಅಂಚಿನಲ್ಲಿ ರೌಟರ್ ಹಿಡಿದು ನಿಂತಿದ್ದೀರಿ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತಿದೆ. ಮರ ಇರುವುದು ಬಿಟ್ಟಿನ ಆಚೆ ಬದಿಗೆ, ಆ ಬದಿಯಲ್ಲಿ ಹಲ್ಲುಗಳು ಎಡದಿಂದ ಬಲಕ್ಕೆ ಓಡುತ್ತಿವೆ. ಅವು ಮರವನ್ನು ಬಲಕ್ಕೆ ಒದೆಯುತ್ತವೆ, ಮರ ಬಿಟ್ಟನ್ನು ಎಡಕ್ಕೆ ಒದೆಯುತ್ತದೆ. ಹಾಗಾಗಿ ಚಕ್ರ ಓಡಲು ನೋಡುವುದು ಎಡಕ್ಕೆ.

ನೀವು ರೌಟರನ್ನು ಬಲಕ್ಕೆ ಸರಿಸಿದರೆ ಚಕ್ರದ ಓಟಕ್ಕೆ ಎದುರಾಗಿ ಸಾಗುತ್ತೀರಿ. ಇದು ಎದುರು ಕೊರೆತ. ಇಲ್ಲಿ ಕೈಗೆ ಸದಾ ಒಂದು ತಡೆ ಸಿಗುತ್ತಿರುತ್ತದೆ. ನೀವು ಅವಸರ ಮಾಡಿದರೆ ತುತ್ತು ದೊಡ್ಡದಾಗುತ್ತದೆ, ತುತ್ತು ದೊಡ್ಡದಾದರೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದರೆ ಕೈ ನಿಧಾನವಾಗುತ್ತದೆ. ತಪ್ಪು ತನ್ನನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಇದು. ಜೊತೆಗೆ ಈ ದಿಕ್ಕಿನಲ್ಲಿ ಒದೆತದ ಒಂದು ಪಾಲು ಬಿಟ್ಟನ್ನು ಮರದ ಕಡೆಗೇ ಎಳೆಯುವುದರಿಂದ ಅಂಚಿಗೆ ತಾಗಿ ಉರುಳುವ ಬಿಟ್ಟಿನ ಬೇರಿಂಗ್ ಅದಕ್ಕೆ ಒತ್ತಿಕೊಂಡೇ ಸಾಗುತ್ತದೆ.

ರೌಟರನ್ನು ಎಡಕ್ಕೆ ಸರಿಸಿದರೆ ಚಕ್ರ ಓಡಲು ನೋಡುವ ಕಡೆಗೇ ನೀವೂ ಹೊರಟಿರಿ. ಇದು ಜೊತೆ ಕೊರೆತ. ಕಾರ್ಖಾನೆಗಳಲ್ಲಿ ಕ್ಲೈಂಬ್ ಕಟ್ ಎನ್ನುತ್ತಾರೆ. ಇಲ್ಲಿ ಬಿಟ್ ನಿಮ್ಮನ್ನು ಮುಂದಕ್ಕೆ ಎಳೆಯುತ್ತದೆ. ಎಳೆದಾಗ ಮಷೀನಿನ ವೇಗ ಏರುತ್ತದೆ, ವೇಗ ಏರಿದಾಗ ತುತ್ತು ದೊಡ್ಡದಾಗುತ್ತದೆ, ತುತ್ತು ದೊಡ್ಡದಾದಾಗ ಎಳೆತ ಇನ್ನೂ ಹೆಚ್ಚುತ್ತದೆ. ಸೆಕೆಂಡಿಗೆ 5 ಸೆಂ.ಮೀ. ಇದ್ದ ಓಟ 50 ಸೆಂ.ಮೀ. ಆದರೆ 0.05 ಮಿ.ಮೀ. ಇದ್ದ ತುತ್ತು 0.5 ಮಿ.ಮೀ. ಆಗುತ್ತದೆ. ಸಾಲದ್ದಕ್ಕೆ ಈ ದಿಕ್ಕಿನಲ್ಲಿ ಒದೆತ ಬಿಟ್ಟನ್ನು ಮರದಿಂದ ಆಚೆಗೂ ತಳ್ಳುತ್ತದೆ. ಒಮ್ಮೆ ಕಚ್ಚಿ, ಒಮ್ಮೆ ಹಾರಿ, ಮಷೀನು ಅಂಚಿನುದ್ದಕ್ಕೂ ಕುಪ್ಪಳಿಸುತ್ತದೆ. ಬಡಗಿ ‘ಎಗರುತ್ತೆ’ ಎಂದದ್ದು ಇದನ್ನೇ.

ಹಿಡಿತ ಬಿಗಿ ಮಾಡಿ ತಡೆಯಬಹುದಲ್ಲ ಎಂದರೆ, ಸಮಯವೇ ಸಿಗುವುದಿಲ್ಲ. ಏನೋ ತಪ್ಪಿದೆ ಎಂದು ಅರಿತು ಸ್ನಾಯು ಬಿಗಿಯಾಗಲು ಸುಮಾರು 0.2 ಸೆಕೆಂಡು ಬೇಕು. ಆ ವೇಳೆಗೆ ಬಿಟ್ 100 ಸುತ್ತು ತಿರುಗಿ 200 ತುತ್ತು ಮುಗಿಸಿರುತ್ತದೆ. ತೋಳಿನಲ್ಲಿ ಎಷ್ಟೇ ಕಸುವಿದ್ದರೂ ಈ ವೇಗದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ದಿಕ್ಕನ್ನು ಮೊದಲೇ ಸರಿಯಾಗಿ ಆರಿಸಿಕೊಂಡಿರಬೇಕು.

ಪ್ರದಕ್ಷಿಣೆ ಎಲ್ಲಿ, ಅಪ್ರದಕ್ಷಿಣೆ ಎಲ್ಲಿ?

ಪ್ರದಕ್ಷಿಣೆಯಲ್ಲಿ ದೇವರು ನಮ್ಮ ಬಲಕ್ಕಿರಬೇಕು. ರೌಟರಿನಲ್ಲಿ ಮರ ಎಡಕ್ಕಿರಬೇಕು. ಮಷೀನು ಸಾಗುವ ಕಡೆಗೆ ಮುಖ ಮಾಡಿ ನೋಡಿದಾಗ ಕೊರೆಸಿಕೊಳ್ಳುವ ಅಂಚು ಎಡಗಡೆಗೆ ಬಂದರೆ ಅದು ಎದುರು ಕೊರೆತ, ನಿರಾತಂಕವಾಗಿ ಮುಂದುವರಿಯಬಹುದು. ಬಲಗಡೆಗೆ ಬಂದರೆ ನಿಲ್ಲಬೇಕು.

ಹಲಗೆಯ ಹೊರ ಅಂಚನ್ನು ಸುತ್ತುವಾಗ ಮರ ಎಡಕ್ಕಿರಬೇಕಾದರೆ ಅಪ್ರದಕ್ಷಿಣೆಯಾಗಿಯೇ ಬರಬೇಕು. ಕಿಟಕಿಯ ಚೌಕಟ್ಟಿನ ಒಳ ಅಂಚಿಗೆ ಬಂದಾಗ ಲೆಕ್ಕ ತಿರುಗುತ್ತದೆ. ಅಲ್ಲಿ ಬಿಟ್ ಚೌಕಟ್ಟಿನ ಒಳಗಡೆ ಇದೆ, ಮರ ಸುತ್ತಲೂ ಇದೆ. ಮರವನ್ನು ಎಡಕ್ಕಿಟ್ಟುಕೊಳ್ಳಲು ಈಗ ಪ್ರದಕ್ಷಿಣೆಯೇ ಬೇಕು. ಹೊರಗೊಂದು ದಿಕ್ಕು, ಒಳಗೊಂದು ದಿಕ್ಕು ಎಂಬ ಎರಡು ನಿಯಮಗಳನ್ನು ನೆನಪಿಟ್ಟುಕೊಂಡು ಗೊಂದಲಕ್ಕೆ ಬೀಳುವವರಿಗೆ ಮರ ಎಡಕ್ಕಿರಲಿ ಎಂಬ ಒಂದೇ ಮಾತು ಸಾಕು.

ಹಲಗೆಯ ನಡುವೆ ಗ್ರೂವ್ ತೆಗೆಯುವಾಗ ಬಿಟ್ಟಿನ ಎರಡೂ ಪಕ್ಕ ಮರವಿರುತ್ತದೆ. ಆಗ ಬಿಟ್ಟಿನ ಮುಂದಿನ ಹಲ್ಲುಗಳು ಮರವನ್ನು ಬಲಕ್ಕೆ ಒದೆಯುವುದರಿಂದ ಮಷೀನು ಎಡಕ್ಕೆ ವಾಲುತ್ತದೆ. ದಾರಿ ತೋರಲು ನೇರವಾದ ಪಟ್ಟಿಯೊಂದನ್ನು ಹಲಗೆಗೆ ಕ್ಲ್ಯಾಂಪ್ ಮಾಡುವುದಾದರೆ ಅದನ್ನು ಸಾಗುವ ದಿಕ್ಕಿನ ಎಡಕ್ಕೇ ಬಿಗಿಯಿರಿ. ಮಷೀನು ತಾನಾಗಿಯೇ ಪಟ್ಟಿಗೆ ಒತ್ತಿಕೊಂಡು ನೇರವಾಗಿ ಹೋಗುತ್ತದೆ. ಪಟ್ಟಿ ಬಲಕ್ಕಿದ್ದರೆ ಅದು ಪಟ್ಟಿಯನ್ನು ಬಿಟ್ಟು ಗ್ರೂವನ್ನು ಸೊಟ್ಟ ಮಾಡುತ್ತದೆ.

ಕೆಲವರು ಪ್ಲೈವುಡ್ಡಿನ ಹಲಗೆಗೆ ತೂತು ಕೊರೆದು, ಕೆಳಗಿನಿಂದ ರೌಟರನ್ನು ತಲೆಕೆಳಗಾಗಿ ಕೂರಿಸಿ, ಮೇಜು ಮಾಡಿಕೊಳ್ಳುತ್ತಾರೆ. ಮಷೀನು ತಲೆಕೆಳಗಾದ ಮೇಲೆ ಬಿಟ್ ತಿರುಗುವ ದಿಕ್ಕೂ ಮೇಲಿನಿಂದ ನೋಡುವವರಿಗೆ ತಿರುವುಮುರುವು. ಇಲ್ಲಿ ಮಷೀನು ನಿಂತಿರುತ್ತದೆ, ಸರಿಯುವುದು ಮರ. ಆಚೆ ಬದಿಗೆ ಪಟ್ಟಿ ಇರುವ ಇಂಥ ಮೇಜಿನಲ್ಲಿ ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಬಿಟ್ಟಿಗೂ ಪಟ್ಟಿಗೂ ನಡುವಿನ ಸಂದಿಯಲ್ಲಿ ಮರವನ್ನು ತೂರಿಸಿ ಹೀಗೇ ತಳ್ಳಿದರೆ ಕೊರೆತದ ದಿಕ್ಕು ತಿರುಗಿ, ಬಿಟ್ ಆ ತುಂಡನ್ನು ಕಿತ್ತುಕೊಂಡು ಎಡಕ್ಕೆ ಎಸೆಯುತ್ತದೆ. ತಳ್ಳುತ್ತಿದ್ದ ಬೆರಳು ಹಿಂದೆಯೇ ಬಿಟ್ಟಿನತ್ತ ಹೋಗುತ್ತದೆ. ಈ ಸಂದಿಯಲ್ಲಿ ಯಾವತ್ತೂ ಮರ ತೂರಿಸಬಾರದು. ಸಣ್ಣ ತುಂಡನ್ನು ಬೆರಳಲ್ಲಿ ಹಿಡಿದು ಕೊರೆಯುವುದೂ ಇಷ್ಟೇ ಅಪಾಯ. ದೊಡ್ಡ ಹಲಗೆಯ ಅಂಚನ್ನು ಮೊದಲು ಕೊರೆದು, ಆಮೇಲೆ ಬೇಕಾದಷ್ಟು ಸಣ್ಣ ಪಟ್ಟಿ ಕುಯ್ದುಕೊಳ್ಳುವುದು ಜಾಣತನ.

ತಪ್ಪು ದಿಕ್ಕು ಚಂದವೇಕೆ?

ಇಷ್ಟೆಲ್ಲ ತಿಳಿದವರೂ ಆಗೀಗ ಜೊತೆ ಕೊರೆತಕ್ಕೆ ಇಳಿಯುವುದುಂಟು. ಅದರಲ್ಲೊಂದು ಆಸೆಯಿದೆ. ಎದುರು ಕೊರೆತದಲ್ಲಿ ಪ್ರತಿ ತುತ್ತೂ ತೆಳುವಾಗಿ ಆರಂಭವಾಗಿ ದಪ್ಪವಾಗಿ ಮುಗಿಯುತ್ತದೆ. ಹಲ್ಲು ಹೊರಬರುವಾಗ ನಾರನ್ನು ಮೇಲಕ್ಕೆ ಮೀಟುತ್ತದೆ. ಮರದ ಎಳೆ ಅಂಚಿನ ಕಡೆಗೆ ಓರೆಯಾಗಿ ಓಡಿದ್ದರೆ ಅಲ್ಲಿ ಸಿಬಿರು ಎದ್ದು ಚಕ್ಕೆ ಹಾರುತ್ತದೆ. ಜೊತೆ ಕೊರೆತದಲ್ಲಿ ಇದರ ತಿರುವುಮುರುವು. ಹಲ್ಲು ಮೇಲ್ಮೈಯಿಂದ ಒಳಕ್ಕೆ ನುಗ್ಗಿ ತೆಳುವಾಗಿ ಮುಗಿಯುತ್ತದೆ, ನಾರು ಏಳುವುದಿಲ್ಲ, ಅಂಚು ನುಣುಪಾಗುತ್ತದೆ.

ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಗಿ 1988ರಲ್ಲಿ ಈಗಿನ ಹೆಸರು ಪಡೆದ ಈ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿಯೂ ನಡೆಯುತ್ತದೆ. ಅಂಥ ಕಡೆ ಕಲಿಸುವ ಕಂಪ್ಯೂಟರ್ ಚಾಲಿತ ಸಿಎನ್‌ಸಿ ರೌಟರುಗಳಿಗೆ ಜೊತೆ ಕೊರೆತ ದಿನನಿತ್ಯದ ಕೆಲಸ. ಅಲ್ಲಿ ಮೋಟರನ್ನು ಹಿಡಿದಿರುವುದು ಉಕ್ಕಿನ ಚೌಕಟ್ಟು, ಸರಿಸುವುದು ಸಡಿಲವಿಲ್ಲದ ತಿರುಪು. ಬಿಟ್ ಎಷ್ಟೇ ಎಳೆದರೂ ಚೌಕಟ್ಟು ಕಂಪ್ಯೂಟರ್ ಹೇಳಿದ ವೇಗವನ್ನು ಮೀರುವುದಿಲ್ಲ, ತುತ್ತು ಬೆಳೆಯುವುದಿಲ್ಲ. ಜೊತೆ ಕೊರೆತ ಮಾರಕವಾಗುವುದು ಎಳೆತಕ್ಕೆ ಮಣಿಯುವ ಕೈಗೆ ಸೇರಿದಾಗ.

ಕೈಯಲ್ಲಿ ಹಿಡಿದವರಿಗೆ ಬೇರೆ ಉಪಾಯಗಳಿವೆ. ಮೊದಲನೆಯದು, ಒಂದೇ ಸಲಕ್ಕೆ ಪೂರ್ತಿ ಆಳ ಇಳಿಸದಿರುವುದು. 9 ಮಿ.ಮೀ. ಆಳದ ಗ್ರೂವನ್ನು ಮೂರು ಓಟಗಳಲ್ಲಿ ಮುಗಿಸಿದರೆ ಸಿಬಿರೂ ಕಡಿಮೆ, ಬಿಟ್ಟಿಗೆ ಹೊರೆಯೂ ಕಡಿಮೆ. ಎರಡನೆಯದು, ಹಲಗೆಯ ನಾಲ್ಕು ಅಂಚುಗಳಲ್ಲಿ ಎಳೆಗೆ ಅಡ್ಡವಾಗಿರುವ ಎರಡು ತುದಿಗಳನ್ನು ಮೊದಲು ಕೊರೆಯುವುದು. ಮೂಲೆಯಲ್ಲಿ ಚಕ್ಕೆ ಹಾರುವುದು ಅಲ್ಲಿಯೇ. ಆಮೇಲೆ ಉದ್ದದ ಅಂಚುಗಳನ್ನು ಕೊರೆಯುವಾಗ ಆ ಹಾಳಾದ ಮೂಲೆ ತಾನಾಗಿ ಸವೆದು ಸರಿಹೋಗುತ್ತದೆ.

ಕಾಲು ಇಂಚಿನ ಮೋಸ

ಚಕ್ರ ಎಷ್ಟೇ ಸರಿಯಾದ ದಿಕ್ಕಿನಲ್ಲಿ ಸಾಗಿದರೂ ಅಚ್ಚಿನಿಂದ ಕಳಚಿದರೆ ಮುಗಿಯಿತು. ಬಿಟ್ಟಿನ ಕಾಂಡವನ್ನು ಹಿಡಿಯುವ ಸೀಳು ಕೊಳವೆಗೆ ಕೊಲೆಟ್ ಎಂದು ಹೆಸರು. ನಟ್ ಬಿಗಿದಂತೆ ಕೊಲೆಟ್ ಇಳಿಜಾರಾದ ಗೂಡಿನೊಳಗೆ ಜಾರಿ, ಎಲ್ಲ ಕಡೆಯಿಂದಲೂ ಕಾಂಡವನ್ನು ಅವುಚಿಕೊಳ್ಳುತ್ತದೆ.

ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಟ್ ಕೊಳ್ಳುವವರು ಇಲ್ಲೊಂದು ವಿಷಯ ತಿಳಿದಿರಬೇಕು. 6 ಮಿ.ಮೀ. ಕಾಂಡದ ಬಿಟ್ಟೂ ಕಾಲು ಇಂಚಿನ ಬಿಟ್ಟೂ ಕಣ್ಣಿಗೆ ಒಂದೇ. ಆದರೆ ಕಾಲು ಇಂಚು ಎಂದರೆ 6.35 ಮಿ.ಮೀ. ಕಾಲು ಇಂಚಿನ ಕೊಲೆಟ್ಟಿಗೆ 6 ಮಿ.ಮೀ. ಬಿಟ್ ಹಾಕಿದರೆ ನಟ್ ಬಿಗಿಯಾದಂತೆ ಕಂಡರೂ ಹಿಡಿತ ಕೂರುವುದಿಲ್ಲ; ಕೊರೆಯುವಾಗ ಬಿಟ್ ನಿಧಾನವಾಗಿ ಕೆಳಕ್ಕೆ ಜಾರುತ್ತ ಗ್ರೂವ್ ಆಳವಾಗುತ್ತ ಹೋಗುತ್ತದೆ. 12 ಮಿ.ಮೀ. ಮತ್ತು ಅರ್ಧ ಇಂಚಿನ, ಅಂದರೆ 12.7 ಮಿ.ಮೀ. ಬಿಟ್ಟುಗಳ ನಡುವೆಯೂ ಇದೇ ಮೋಸ. ಕೊಲೆಟ್ ಯಾವ ಅಳತೆಯದೋ ಕಾಂಡವೂ ಅದೇ ಅಳತೆಯದಿರಬೇಕು.

ಕಾಂಡವನ್ನು ಕೊಲೆಟ್ಟಿನ ತಳ ಮುಟ್ಟುವವರೆಗೆ ತೂರಿಸಿ, ಆಮೇಲೆ 2–3 ಮಿ.ಮೀ. ಹೊರಕ್ಕೆ ಎಳೆದು ಬಿಗಿಯಬೇಕು. ನಟ್ ಬಿಗಿಯುವಾಗ ಕೊಲೆಟ್ ಒಳಕ್ಕೆ ಜಾರಲೇಬೇಕು. ಕಾಂಡ ತಳಕ್ಕೆ ತಾಗಿ ನಿಂತಿದ್ದರೆ ಆ ಜಾರುವಿಕೆ ಅರ್ಧಕ್ಕೇ ನಿಲ್ಲುತ್ತದೆ, ಸ್ಪ್ಯಾನರಿಗೆ ಮಾತ್ರ ಬಿಗಿಯಾದಂತೆ ಅನಿಸುತ್ತದೆ. ಆಳ ಸಾಲದೆಂದು ಬಿಟ್ಟನ್ನು ತೀರಾ ಹೊರಕ್ಕೆ ಎಳೆದುಕೊಳ್ಳುವುದೂ ತಪ್ಪು. ಹೊರಚಾಚಿದ ಉದ್ದ ಎರಡರಷ್ಟಾದರೆ ಅದೇ ಒದೆತಕ್ಕೆ ಬಿಟ್ ಎಂಟರಷ್ಟು ಬಾಗುತ್ತದೆ. ಅದೇ ಕಾಂಡದ ದಪ್ಪ ಎರಡರಷ್ಟಾದರೆ ಬಾಗು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಭಾರಿ ಕೆಲಸಕ್ಕೆ 12 ಮಿ.ಮೀ. ಕಾಂಡ ಬೇಕೆನ್ನುವುದು ಈ ಕಾರಣಕ್ಕೆ. ಬಿಟ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಬೇಕು.

ಹಳೆಯ ಬಾಗಿಲಿನ ಒಳಗೇನಿದೆ?

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಜನ ತುಂಬಿಕೊಂಡ ಬಸವನಗುಡಿ ಮತ್ತು ಮಲ್ಲೇಶ್ವರ, ಇಲ್ಲಿನ ಹಳೆಯ ಮನೆಗಳಲ್ಲಿ ಮರದ ಕೆಲಸಕ್ಕೆ ಕೊರತೆಯಿರಲಿಲ್ಲ. ಕಿಟಕಿಯ ನೆತ್ತಿಗೆ ಗೋಪುರದಂತೆ ಚಾಚಿದ ಮಂಕಿ ಟಾಪ್, ಜಾಲರಿ ಪಟ್ಟಿಗಳು, ದಪ್ಪ ಬಾಗಿಲವಾಡ, ತೇಗದ ತೊಲೆಗಳು. ಗರಗಸ, ಉಳಿ, ಹತ್ತರಿಗಳಲ್ಲೇ ಮಾಡಿದ ಕೆಲಸ ಅದು. ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಾಗ ಈ ಮರ ಹಳೆಯ ಸಾಮಾನಿನ ಅಂಗಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಮನೆಯ ಮೇಜೋ ಬಾಗಿಲೋ ಆಗುತ್ತದೆ. ಚೆನ್ನಾಗಿ ಒಣಗಿ ಹದವಾದ ಮರ, ಸರಿ. ಆದರೆ ರೌಟರ್ ಇಡುವ ಮೊದಲು ಎರಡು ವಿಷಯ ನೋಡಬೇಕು.

ಒಂದು, ಒಳಗೆ ಉಳಿದ ಮೊಳೆ. ತಲೆ ಮುರಿದ ಮೊಳೆಯ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಕಣ್ಣಿಗೆ ಕಾಣದು. ಗಂಟೆಗೆ 68 ಕಿ.ಮೀ. ವೇಗದ ಹಲ್ಲು ಅದಕ್ಕೆ ಬಡಿದರೆ ಬಿಟ್ಟಿನ ಗಟ್ಟಿ ಕಾರ್ಬೈಡ್ ಚೂರು ಸಿಡಿಯುತ್ತದೆ. ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಅಂಚಿನುದ್ದಕ್ಕೂ ಎಳೆದು ನೋಡುವುದು ಅಗ್ಗದ ಪರೀಕ್ಷೆ. ಕಣ್ಣಿಗೆ ಗಾಗಲ್ಸ್ ಹಾಕುವುದಂತೂ ಎಲ್ಲ ಮರಕ್ಕೂ ಅನ್ವಯ.

ಎರಡು, ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ಕಾನೂನು ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಎಷ್ಟಾದರೂ ಇದ್ದೀತು. ರೌಟರ್ ಅದನ್ನು ಉಸಿರಿಗೆ ಸೇರುವ ಪುಡಿಯಾಗಿಸುತ್ತದೆ. ಮಕ್ಕಳ ಮಿದುಳಿಗೆ ಸೀಸ ವಿಷ. ಹಳೆಯ ಬಣ್ಣದ ಬಾಗಿಲನ್ನು ಮನೆಯೊಳಗೆ ಕೊರೆಯಬೇಡಿ.

ಬಣ್ಣವಿಲ್ಲದ ಮರದ ಹೊಟ್ಟೂ ನಿರುಪದ್ರವಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತುತ್ತು 0.05 ಮಿ.ಮೀ. ಎಂದರೆ ಹೊಟ್ಟು ಎಷ್ಟು ನಯವಾಗಿರುತ್ತದೆ ಎಂದು ಊಹಿಸಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು, ಎನ್-95 ಮಾಸ್ಕ್ ಬೇಕು.

ಕಿವಿಗೂ ರಕ್ಷಣೆ ಬೇಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂಬುದು ಒಂದು ಒಪ್ಪಿತ ಅಳತೆ, ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ತಲುಪಿದರೆ ಉಳಿಯುವುದು 15 ನಿಮಿಷ. ಪೂರ್ತಿ ಹೊರೆಯಲ್ಲಿ ಕಿರುಚುವ ರೌಟರಿನ ಸದ್ದು ಈ ಮಟ್ಟದ ಆಸುಪಾಸಿನದು.

ಕರೆಂಟ್ ಹೋಗಿ ಬಂದಾಗ

ವೈರ್ ಇರುವ ರೌಟರಿಗೆ ನಮ್ಮೂರಿನಲ್ಲಿ ವಿಶೇಷವಾದ ಒಂದು ಅಪಾಯವಿದೆ. ಟ್ರಿಮ್ಮರಿನ ಸ್ವಿಚ್ ಒಮ್ಮೆ ಒತ್ತಿದರೆ ಹಾಗೇ ನಿಲ್ಲುವಂಥದ್ದು. ಕೊರೆಯುತ್ತಿರುವಾಗ ಕರೆಂಟ್ ಹೋಯಿತು, ಬಡಗಿ ಮಷೀನನ್ನು ಮೇಜಿನ ಮೇಲಿಟ್ಟು ಕಾಫಿಗೆ ಹೋದರು. ಹತ್ತು ನಿಮಿಷದ ಮೇಲೆ ಕರೆಂಟ್ ಬಂತು. ಯಾರೂ ಹಿಡಿಯದ ಮಷೀನು 30,000 ಸುತ್ತಿನಲ್ಲಿ ಎದ್ದು, ಚಕ್ರ ಎಲ್ಲಿ ತಾಗುತ್ತದೋ ಅಲ್ಲಿಂದ ಓಡತೊಡಗುತ್ತದೆ. ಕರೆಂಟ್ ಹೋದ ತಕ್ಷಣ ಮೊದಲು ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ತೆಗೆಯಿರಿ. ಹೊಸದಾಗಿ ಪ್ಲಗ್ ಹಾಕುವಾಗಲೂ ಸ್ವಿಚ್ ಆಫ್ ಇದೆಯೇ ಎಂದು ನೋಡಿಯೇ ಹಾಕಿ. ಕೆಲವು ಹೊಸ ಮಷೀನುಗಳು ಕರೆಂಟ್ ಮರಳಿದರೂ ತಾವಾಗಿ ಹೊರಡದಂತೆ ಏರ್ಪಾಡು ಹೊಂದಿವೆ; ಕೊಳ್ಳುವಾಗ ವಿಚಾರಿಸುವುದು ಒಳ್ಳೆಯದು.

ವೈರು ಬಿಟ್ಟಿನ ದಾರಿಗೆ ಬರದಂತೆ ಭುಜದ ಮೇಲಿನಿಂದ ಹಿಂದಕ್ಕೆ ಹಾಯಿಸಿಕೊಳ್ಳಬೇಕು. ಎಕ್ಸ್‌ಟೆನ್ಷನ್ ವೈರ್ ಸುರುಳಿ ಸುತ್ತಿಕೊಂಡೇ ಇದ್ದರೆ ಕಾಯುತ್ತದೆ, ಪೂರ್ತಿ ಬಿಚ್ಚಿ ಹರಡಿ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಇರುವ ಲೈನಿನಿಂದಲೇ ಮಷೀನಿಗೆ ಕರೆಂಟ್ ಕೊಡಿ. ತಿರುಗುವ ಬಿಟ್ಟಿಗೆ ಬಟ್ಟೆ, ದಾರ ಯಾವುದು ಸಿಕ್ಕಿದರೂ ಸುತ್ತಿಕೊಂಡು ಕೈಯನ್ನು ಎಳೆಯುತ್ತದೆ. ಉದ್ದ ತೋಳಿನ ಅಂಗಿ, ಸಡಿಲ ಪಂಚೆ, ಮಣಿಕಟ್ಟಿನ ಕಾಶಿದಾರ, ಕೈಗವಸು ಬೇಡ. ಉದ್ದ ಕೂದಲನ್ನು ಬಿಗಿದು ಕಟ್ಟಿಕೊಳ್ಳಿ.

ಪ್ಲಗ್ ಹಾಕುವ ಮೊದಲು ಒಂದು ಸುತ್ತು

ಹಲಗೆಯನ್ನು ಎರಡು ಕಡೆ ಕ್ಲ್ಯಾಂಪ್ ಮಾಡಿ. ಮರ ಬಿಟ್ಟನ್ನು ಒದೆಯುವಂತೆ ಬಿಟ್ಟೂ ಹಲಗೆಯನ್ನು ಅಷ್ಟೇ ಬಲದಿಂದ ಒದೆಯುತ್ತದೆ. ಕಾಲಲ್ಲಿ ಮೆಟ್ಟಿ ಹಿಡಿದ ಹಲಗೆ ಸಾಲದು. ಆಮೇಲೆ ಪ್ಲಗ್ ಹಾಕದೆಯೇ ರೌಟರನ್ನು ಕೈಗೆತ್ತಿಕೊಂಡು, ಕೊರೆಯಬೇಕಾದ ದಾರಿಯಲ್ಲಿ ಆರಂಭದಿಂದ ಕೊನೆಯವರೆಗೆ ಒಮ್ಮೆ ಸರಿಸಿ ನೋಡಿ. ಕ್ಲ್ಯಾಂಪ್ ಎಲ್ಲಿ ಅಡ್ಡ ಬರುತ್ತದೆ, ವೈರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ನಡುವೆ ನಿಮ್ಮ ಕಾಲು ಎಲ್ಲಿ ತೊಡರುತ್ತದೆ ಎಂಬುದೆಲ್ಲ ಮೋಟರ್ ನಿಂತಿರುವಾಗಲೇ ತಿಳಿಯುತ್ತದೆ. ಪ್ರತಿ ಮೂಲೆ ತಿರುಗುವಾಗಲೂ ಮಷೀನು ಸಾಗುವ ಕಡೆಗೆ ಮುಖ ಮಾಡಿ, ಮರ ಎಡಕ್ಕಿದೆಯೇ ಎಂದು ನೋಡಿ. ಬಲಕ್ಕೆ ಬಂದರೆ ಆರಂಭದ ತುದಿಯನ್ನೇ ಬದಲಿಸಿಕೊಂಡು ಮತ್ತೊಮ್ಮೆ ಸರಿಸಿ. ಇದಾದ ಮೇಲೆ ಬಿಸಾಡುವ ತುಂಡೊಂದನ್ನು ಅದೇ ಬಿಟ್ಟಿನಲ್ಲಿ ಕೊರೆದು ಆಳ ಸರಿಯಿದೆಯೇ ಎಂದು ಅಳೆಯಿರಿ, ಮೋಟರಿನ ಸ್ವರವನ್ನೂ ಕೇಳಿಸಿಕೊಳ್ಳಿ. ತಡೆ ಕೈಗೆ ಹಿತವಾಗಿ ಸಿಗುತ್ತಿದ್ದರೆ, ತುತ್ತಿನ ಅಳತೆ ನಿಮ್ಮ ಕೈಯಲ್ಲೇ ಇದೆ ಎಂದು ಅರ್ಥ. ಇನ್ನು ಬಾಗಿಲಿನ ಹಲಗೆಗೆ ಕೈ ಹಾಕಬಹುದು.